ಮಂಡಿಯೂರುವುದೋ, ಕೈಮುಗಿಯುವುದೋ?

ದೇವಸನ್ನಿಧಿಯನ್ನು ಪ್ರವೇಶಿಸುವಾಗ ಪಾದರಕ್ಷೆಯನ್ನು ಹೊರಗೆ ಬಿಡುವುದು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ನಡತೆ. ಯೂರೋಪಿನ ಕ್ರೈಸ್ತ ಪುರುಷನಿಗಾದರೋ ತಲೆಯ ಮೇಲಿನ ಟೋಪಿಯನ್ನು ತೆಗೆಯುವುದೇ ಗೌರವ. ಕಾಲಿನ ಬೂಟಿನ ಯೋಚನೆ ಅವನಿಗಿಲ್ಲ. ಇಬ್ಬರ ಭಕ್ತಿಯಲ್ಲಿ ಹೆಚ್ಚುಕಡಿಮೆಯಿಲ್ಲ. ಅದು ಮೈಯಲ್ಲಿ ಮೂಡುವ ಬಗೆ ಬೇರೆ, ಅಷ್ಟೆ. ಆದರೆ ಭಾರತದ ಕಥೋಲಿಕ ಕ್ರೈಸ್ತರ ಪೂಜಾವಿಧಿಯಲ್ಲಿ ಈ ಸಣ್ಣ ಭೇದವೇ ದೊಡ್ಡ ವಾದಕ್ಕೆ ಎಡೆಮಾಡಿತು.

ವಾದ ಹಳೆಯದು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸುಯಿಟ್ ಗುರು ರಾಬರ್ಟೋ ದೆ ನೊಬಿಲಿ ಸಂನ್ಯಾಸಿಯ ವೇಷವನ್ನು ತೊಟ್ಟು, ಮಾಂಸವನ್ನು ತ್ಯಜಿಸಿ, ತಮಿಳು ಸಂಸ್ಕೃತಗಳನ್ನು ಅಭ್ಯಾಸಮಾಡಿದನು. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧಗಳನ್ನು ಉಳಿಸಿಕೊಂಡರೆ ದೋಷವಿಲ್ಲವೆಂಬುದು ಅವನ ಮತ. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಇದಕ್ಕೆ ಸಮ್ಮತಿಯಿತ್ತರು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇಂತಹ ಆಚರಣೆಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿದರು. ಇವುಗಳ ವಿರುದ್ಧ ಧರ್ಮಪ್ರಚಾರಕರು ಸ್ವೀಕರಿಸಬೇಕಾಗಿದ್ದ ಪ್ರಮಾಣವಚನವು ರದ್ದಾದುದು 1940ರಲ್ಲಿ. ಇನ್ನೂರು ವರ್ಷಗಳ ಸಂಕೋಚ ಒಂದು ಆಜ್ಞೆಯಿಂದ ಕರಗುವುದುಂಟೆ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯಲ್ಲಿ ದೇಶಭಾಷೆಗೂ ದೇಶಾಚಾರಕ್ಕೂ ಬಾಗಿಲು ತೆರೆಯಿತು. ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ 1969ರ ಏಪ್ರಿಲ್ ತಿಂಗಳಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಅವನ್ನು ಓದಿದರೆ ನಮ್ಮ ಹಿರಿಯರ ಮನೆಯ ದೇವರಕೋಣೆಯೇ ನೆನಪಾಗುತ್ತದೆ. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಬಹುದು. ಮಂಡಿಯೂರುವುದಕ್ಕೆ ಬದಲು ಕೈಮುಗಿದು ಆಳವಾಗಿ ಬಾಗಬಹುದು. ಪವಿತ್ರವಸ್ತುವಿಗೆ ಮುತ್ತಿಡುವ ಬದಲು ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದು. ಮೇಣದ ಬತ್ತಿಯ ಸ್ಥಾನದಲ್ಲಿ ಎಣ್ಣೆಯ ದೀಪ, ಬಲಿಪೀಠದ ಮೇಲೆ ಹಾಸುವ ಸಣ್ಣ ವಸ್ತ್ರಕ್ಕೆ ಬದಲಾಗಿ ತಟ್ಟೆ, ಹೂ, ಧೂಪ, ದೀಪಗಳ ಆರತಿ, ಪಂಚಾಂಗ ಪ್ರಣಾಮ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು, ಅದರ ಪ್ರಥಮ ನಿರ್ದೇಶಕ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ, ಈ ಪ್ರಯತ್ನಕ್ಕೆ ತವರಾಯಿತು.

ಎಲ್ಲರೂ ಹಿಗ್ಗಲಿಲ್ಲ. ಬಾಲ್ಯದಿಂದ ಮಂಡಿಯೂರಿ ಬಂದ ಮುದುಕಿಗೆ ಆ ಭಂಗಿಯಲ್ಲಿ ಪರದೇಶವೇನೂ ಕಾಣುವುದಿಲ್ಲ. ಅವಳ ಪ್ರಾರ್ಥನೆ ಅದರೊಳಗೇ ಬೆಳೆದದ್ದು. ಅದನ್ನು ಬಿಡೆಂದರೆ ದೇವರ ಮರ್ಯಾದೆಯನ್ನೇ ಕಡಮೆಮಾಡಿದಂತೆ ಅವಳಿಗೆ ತೋರಿದರೆ ತಪ್ಪೇನು? ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣ. ಸಂಸ್ಕೃತ ಮಂತ್ರ, ಆರತಿ, ಕಾವಿ, ಇವು ಯಾರ ಭಾರತ? ದೇವಾಲಯದ ಹೊಸ್ತಿಲಿನಾಚೆಗೇ ತಲೆಮಾರುಗಳನ್ನು ಕಳೆದ ದಲಿತರಿಗೆ, ಆ ಗರ್ಭಗುಡಿಯ ಸಂಪ್ರದಾಯವೇ ಇಗರ್ಜಿಯೊಳಗೂ ಎದುರಾದರೆ ಅದನ್ನು ತಮ್ಮದೆನ್ನುವುದು ಹೇಗೆ? ದೆ ನೊಬಿಲಿ ಜಾತಿಭೇದವನ್ನು ಬರಿಯ ಲೋಕಾಚಾರವೆಂದು ಉಳಿಯಗೊಟ್ಟದ್ದನ್ನು ನೆನೆದರೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ಹನ್ನೆರಡು ಅಂಶಗಳ ಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಯಾವ ಪಟ್ಟಿಯ ಹಂಗೂ ಇಲ್ಲದೆ ಬೇರೂರಿದ ಆಚಾರವೊಂದು ಮಂಗಳೂರಿನ ಕಡೆಯಲ್ಲಿದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಲ್ಲಿ, ಕೊಂಕಣಿ ಕ್ರೈಸ್ತರು ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ತಟ್ಟೆತುಂಬ ಹೂ ತಂದು, ಹಾಡುತ್ತ ಬಾಲಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದಂದು ಗುರುಗಳು ಹೊಸ ಭತ್ತದ ತೆನೆಗಳನ್ನು ಮಂತ್ರಿಸುವರು. ಅವನ್ನು ಮೆರವಣಿಗೆಯಲ್ಲಿ ಇಗರ್ಜಿಯೊಳಕ್ಕೆ ಒಯ್ದು, ಪೂಜೆಯ ನಂತರ ಮನೆಮನೆಗೆ ಹಂಚುವರು. ಹೊಸ ಕಾಳನ್ನು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಪ್ರಾರ್ಥನೆಯಾದ ಮೇಲೆ ಮನೆಮಂದಿಯೆಲ್ಲ ಸೇವಿಸುತ್ತಾರೆ. ಅಂದಿನ ಊಟ ಬಾಳೆಯೆಲೆಯಲ್ಲಿ. ಮೀನು ಮಾಂಸಗಳ ಸುಳಿವಿಲ್ಲ. ನೆರೆಯ ಹಿಂದೂ ಒಕ್ಕಲಿನವನು ತೆನೆ ತಂದು ಮನೆ ತುಂಬಿಸುವುದೂ, ಹೊಸ ಅಕ್ಕಿಯ ಊಟ ಮಾಡುವುದೂ ಇದೇ ಮಣ್ಣಿನ ಆಚಾರ. ದೂರದೂರಿನಲ್ಲಿ ದುಡಿಯುವ ಮಕ್ಕಳಿಗೆ ತಾಯಂದಿರು ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿಟ್ಟು ಅಂಚೆಗೆ ಹಾಕುವುದೂ ಉಂಟು.