ಮಕ್ಕಳಿರುವ ಮನೆಗೆ ನಾಯಿ: ತಳಿಯ ಹೆಸರನ್ನು ಎಷ್ಟು ನಂಬಬೇಕು?

ಮನೆಗೊಂದು ನಾಯಿ ಬೇಕೆಂದು ಮಕ್ಕಳು ಹಟ ಹಿಡಿದ ಮೇಲೆ ಅಪ್ಪ ಅಮ್ಮ ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಎಂದು. ಉತ್ತರವೂ ಎಲ್ಲೆಡೆ ಸಿದ್ಧವಾಗಿಯೇ ಇರುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಬೀಗಲ್ ಆದರೆ ಚಿಂತೆಯಿಲ್ಲ. ರಾಟ್‌ವೈಲರ್, ಡಾಬರ್‌ಮನ್ ಕಡೆ ತಲೆ ಹಾಕಬೇಡಿ. ಬೀದಿನಾಯಿಯ ಮರಿಯಂತೂ ಬೇಡವೇ ಬೇಡ. ಈ ಪಟ್ಟಿಯಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದು ಇರುವ ಜಾಗ ಬೇರೆ. ತಳಿಯ ಹೆಸರು ನಾಯಿಯ ಮೈಯ ಬಗ್ಗೆ ಬಹಳಷ್ಟು ಹೇಳುತ್ತದೆ: ಎಷ್ಟು ತೂಗೀತು, ಎಷ್ಟು ಉಂಡೀತು, ಬಿಸಿಲು ತಡೆದೀತೇ, ಯಾವ ರೋಗ ಬಂದೀತು. ಮಗು ಬಾಲ ಎಳೆದಾಗ ಈ ನಾಯಿ ಏನು ಮಾಡೀತು ಎಂಬುದರ ಬಗ್ಗೆ ಅದೇ ಹೆಸರು ಹೇಳುವುದು ತೀರ ಕಡಿಮೆ. ಹಾಗಾಗಿ ಒಂದೇ ಪ್ರಶ್ನೆಯಂತೆ ಕಾಣುವ ಇದನ್ನು ಎರಡಾಗಿ ಸೀಳಿಕೊಳ್ಳಬೇಕು. ಮೈಗೆ ಸಂಬಂಧಿಸಿದ್ದನ್ನು ತಳಿ ನೋಡಿ ತೀರ್ಮಾನಿಸಬಹುದು. ಗುಣಕ್ಕೆ ಸಂಬಂಧಿಸಿದ್ದನ್ನು ಆ ಒಂದು ನಾಯಿಯನ್ನೇ ನೋಡಿ ತೀರ್ಮಾನಿಸಬೇಕು.

ನಾಯಿ ಮನುಷ್ಯನ ಜೊತೆಗೂಡಿ ಹತ್ತು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಆದರೆ ಇಂದು ನಾವು ಜಾತಿ ನಾಯಿ ಎನ್ನುವ ಬಹುಪಾಲು ತಳಿಗಳು ಈಗಿನ ರೂಪಕ್ಕೆ ಬಂದು ಇನ್ನೂರು ವರ್ಷ ಕೂಡ ಆಗಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1859ರಲ್ಲಿ ನಾಯಿಗಳ ಪ್ರದರ್ಶನ ನಡೆಯಿತು; 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಅಲ್ಲಿಂದಾಚೆಗೆ ಕಿವಿಯ ಉದ್ದ, ಮೂತಿಯ ಆಕಾರ, ರೋಮದ ಬಣ್ಣ ಇವು ತಳಿಯ ಲಕ್ಷಣಗಳಾಗಿ ದಾಖಲೆಗೆ ಸೇರಿದವು, ತೀರ್ಪುಗಾರರು ಅವನ್ನು ನೋಡಿ ಬಹುಮಾನ ಕೊಟ್ಟರು, ಬಹುಮಾನ ಪಡೆದ ನಾಯಿಗಳ ಸಂತತಿ ಬೆಳೆಯಿತು. ಕಣ್ಣಿಗೆ ಕಾಣುವ ಗುಣವನ್ನು ಆರಿಸುತ್ತ ಹೋದಾಗ ಒಳಗಿನ ಸ್ವಭಾವವೂ ಅಚ್ಚು ಹಾಕಿದಂತೆ ಒಂದೇ ತೆರನಾಗಿರುತ್ತದೆ ಎಂದುಕೊಳ್ಳಲು ಕಾರಣವಿಲ್ಲ. ಇದನ್ನು ಅಳೆದು ನೋಡಿದ ದೊಡ್ಡ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಯಾಥ್ಲೀನ್ ಮೊರಿಲ್, ಎಲಿನಾರ್ ಕಾರ್ಲ್‌ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ಬಗ್ಗೆ ಸಾಕಿದವರಿಂದ ಉತ್ತರ ಪಡೆದರು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆದದ್ದು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಹೆಚ್ಚು. ಕೆಣಕಿದರೆ ಎಷ್ಟು ಬೇಗ ರೇಗುತ್ತದೆ ಎಂಬ ಗುಣದಲ್ಲಿ ತಳಿಯ ಹೆಸರು ಹೆಚ್ಚುಕಡಿಮೆ ನಿರುಪಯೋಗಿ. ಮಕ್ಕಳಿರುವ ಮನೆಗೆ ಎಲ್ಲಕ್ಕಿಂತ ಬೇಕಾದ ಮಾಹಿತಿ ಅದೇ ಎಂಬುದನ್ನು ಗಮನಿಸಬೇಕು.

ಇದಕ್ಕೆ ಬರುವ ಆಕ್ಷೇಪ ಸಣ್ಣದೇನಲ್ಲ. ಬಾರ್ಡರ್ ಕಾಲಿ ಕಲಿಸದೆಯೇ ಕುರಿ ಅಟ್ಟಲು ಹವಣಿಸುತ್ತದೆ, ಪಾಯಿಂಟರ್ ಬೇಟೆಯ ಕಡೆ ಮೂತಿ ಮಾಡಿ ನಿಲ್ಲುತ್ತದೆ, ರಿಟ್ರೀವರ್ ಎಸೆದದ್ದನ್ನು ಹೆಕ್ಕಿ ತರುತ್ತದೆ. ಇವು ರಕ್ತದಲ್ಲಿ ಬಂದವು, ನಿಜ. ಅಷ್ಟೇ ಅಲ್ಲ, 2019ರಲ್ಲಿ ಇವಾನ್ ಮೆಕ್ಲೀನ್, ಜೇಮ್ಸ್ ಸರ್ಪೆಲ್ ಮೊದಲಾದವರು ನೂರೊಂದು ತಳಿಗಳನ್ನು ಹೋಲಿಸಿ, ಅಪರಿಚಿತರನ್ನು ಕಂಡರೆ ಎರಗುವ ಗುಣವೂ ಸೇರಿದಂತೆ ತಳಿತಳಿಗಳ ನಡುವಿನ ವ್ಯತ್ಯಾಸಕ್ಕೂ ವಂಶವಾಹಿಗಳಿಗೂ ಗಟ್ಟಿ ನಂಟಿದೆ ಎಂದು ತೋರಿಸಿದ್ದಾರೆ. ಎರಡೂ ಅಧ್ಯಯನಗಳು ಒಟ್ಟಿಗೆ ನಿಲ್ಲಬಲ್ಲವು. ಎರಡನೆಯದು ಅಳೆದದ್ದು ತಳಿಗಳ ಸರಾಸರಿಯನ್ನು, ಮೊದಲನೆಯದು ಬಿಡಿ ನಾಯಿಯನ್ನು. ಸರಾಸರಿಯಲ್ಲಿ ವ್ಯತ್ಯಾಸವಿದ್ದರೂ ಒಂದೇ ತಳಿಯೊಳಗೆ ಸಾಧು ನಾಯಿಯಿಂದ ಸಿಡುಕು ನಾಯಿಯವರೆಗೆ ಹರವು ಎಷ್ಟು ವಿಶಾಲವೆಂದರೆ, ತಳಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಮನೆಗೆ ಬರುವುದು ಸರಾಸರಿಯಲ್ಲ, ಒಂದು ನಾಯಿ. ಇನ್ನು ಆ ಸರಾಸರಿಯನ್ನೇ ನಂಬುತ್ತೇವೆ ಎನ್ನುವವರು ಅದನ್ನು ಪೂರ್ತಿ ನಂಬಬೇಕಾಗುತ್ತದೆ. ಸರ್ಪೆಲ್ ಸಹಲೇಖಕರಾಗಿದ್ದ 2008ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಮೇಲೆ ಹೆಚ್ಚು ಸಿಟ್ಟು ತೋರಿಸಿದ ತಳಿಗಳ ಸಾಲಿನಲ್ಲಿ ಮುಂದಿದ್ದವು ಡ್ಯಾಷ್‌ಹೌಂಡ್, ಚಿವಾವಾ, ಜಾಕ್ ರಸಲ್ ಟೆರಿಯರ್. ಪುಟಾಣಿ ನಾಯಿ ಮಕ್ಕಳಿಗೆ ಹೇಳಿ ಮಾಡಿಸಿದ್ದು ಎಂದು ಮಾರುವವರು ಈ ಸಾಲನ್ನು ಓದಿ ಹೇಳುವುದಿಲ್ಲ.

ಹಾಗಾದರೆ ಮಕ್ಕಳಿಗೆ ನಾಯಿ ಕಚ್ಚುವುದು ಯಾವಾಗ? ಅಮೆರಿಕದ ಇಲಾನಾ ರೈಸ್ನರ್ ಮತ್ತು ಸಂಗಡಿಗರು ನಾಯಿಗಳು ಮಕ್ಕಳನ್ನು ಕಚ್ಚಿದ 111 ಪ್ರಕರಣಗಳನ್ನು ಪರಿಶೀಲಿಸಿ 2007ರಲ್ಲಿ ವರದಿ ಮಾಡಿದರು. ಪರಿಚಯದ ಮಕ್ಕಳಿಗೆ ಕಡಿತ ಬಿದ್ದದ್ದು ಹೆಚ್ಚಾಗಿ ನಾಯಿ ತನ್ನ ಊಟವನ್ನೋ ತನ್ನದೆಂದುಕೊಂಡ ವಸ್ತುವನ್ನೋ ಕಾಯುತ್ತಿದ್ದಾಗ. ಹೊರಗಿನ ಮಕ್ಕಳಿಗೆ ಬಿದ್ದದ್ದು ಹೆಚ್ಚಾಗಿ ಅದು ತನ್ನ ಜಾಗವನ್ನು ಕಾಯುತ್ತಿದ್ದಾಗ. ಆ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಸಿಟ್ಟಿಗೆ ಕಾರಣವಾಗಬಲ್ಲ ಕಾಯಿಲೆ ಇತ್ತು ಅಥವಾ ಅದರ ಅನುಮಾನವಿತ್ತು. ಅಂದರೆ ಕಡಿತದ ಹಿಂದೆ ಇರುವುದು ತಟ್ಟೆ, ಮೂಳೆ, ಮಲಗುವ ಮೂಲೆ, ಕಿವಿಯ ಸೋಂಕು, ಸೊಂಟದ ನೋವು. ಇದರ ಜೊತೆಗೆ ಮಗುವಿನ ಕಡೆಯ ಕೊರತೆಯೊಂದಿದೆ. ನಾಯಿ ಸಾಮಾನ್ಯವಾಗಿ ಹೇಳದೆ ಕೇಳದೆ ಕಚ್ಚುವುದಿಲ್ಲ. ಮುಖ ಆಚೆ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮೈ ಬಿಗಿಮಾಡುತ್ತದೆ, ಗುರ್ ಎನ್ನುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯಲ್ಲಿ ಸಣ್ಣ ಮಕ್ಕಳು ಹಲ್ಲು ಕಿರಿದು ನಿಂತ ನಾಯಿಯ ಚಿತ್ರ ನೋಡಿ ಅದು ನಗುತ್ತಿದೆ ಎಂದುಕೊಂಡದ್ದು ಕಂಡುಬಂದಿದೆ. ಎಚ್ಚರಿಕೆ ಎಂದು ನಾಯಿ ತೋರಿಸುವುದನ್ನು ಮಗು ಆಹ್ವಾನ ಎಂದು ಓದಿಕೊಂಡು ಮುಖವನ್ನೇ ಹತ್ತಿರ ಒಯ್ಯುತ್ತದೆ. ಪುಟ್ಟ ಮಕ್ಕಳಿಗೆ ಗಾಯ ಹೆಚ್ಚಾಗಿ ಮುಖಕ್ಕೆ, ಕತ್ತಿಗೆ ಆಗಲು ಇದೊಂದು ಕಾರಣ. ಅವರ ಮುಖ ಇರುವುದೇ ನಾಯಿಯ ಬಾಯಿಯ ಎತ್ತರದಲ್ಲಿ ಎಂಬುದು ಇನ್ನೊಂದು. ಗುರ್ ಎಂದ ನಾಯಿಗೆ ಹೊಡೆದು ಸುಮ್ಮನಾಗಿಸುವ ನಮ್ಮ ಅಭ್ಯಾಸವಂತೂ ಇದ್ದ ಒಂದು ಎಚ್ಚರಿಕೆಯನ್ನೂ ಕಿತ್ತುಕೊಳ್ಳುತ್ತದೆ.

ತಳಿಯೇ ಅಪಾಯಕ್ಕೆ ಕಾರಣವಾಗಿದ್ದರೆ ತಳಿ ನಿಷೇಧದಿಂದ ಕಡಿತ ಇಳಿಯಬೇಕಿತ್ತು. ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್ ಬುಲ್ ಮುಂತಾದ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಆದರೆ ಇಂಗ್ಲೆಂಡಿನಲ್ಲಿ ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಮುಂದಿನ ದಶಕಗಳಲ್ಲಿ ಏರುತ್ತಲೇ ಹೋಯಿತು. 2023ರ ಕೊನೆಗೆ ಎಕ್ಸ್‌ಎಲ್ ಬುಲ್ಲಿಯನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್ಲೆಂಡ್ಸ್ ತನ್ನ ಪಿಟ್ ಬುಲ್ ನಿಷೇಧದಿಂದ ಪ್ರಯೋಜನ ಕಾಣದೆ ಹದಿನೈದು ವರ್ಷಗಳ ಬಳಿಕ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಟ್‌ವೈಲರ್ ಸೇರಿದಂತೆ 23 ತಳಿಗಳ ಮಾರಾಟ, ಸಾಕಣೆ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದುಮಾಡಿತು. ಆದರೂ ಈ ವಾದದ ಎದುರು ಪಕ್ಷದಲ್ಲಿ ಒಂದು ಮಾತು ಉಳಿಯುತ್ತದೆ, ಅದನ್ನು ಒಪ್ಪಲೇಬೇಕು. ಚಿವಾವಾ ಕಚ್ಚಿದರೆ ಹೊಲಿಗೆ ಬೀಳಬಹುದು. ನಲವತ್ತೈದು ಕಿಲೋ ತೂಗುವ ನಾಯಿ ಕಚ್ಚಿ ಜಗ್ಗಿದರೆ ಮಗು ಉಳಿಯದೆ ಹೋಗಬಹುದು. ಮೊದಲ ಸಲ ನಾಯಿ ಸಾಕುವ, ಎಳೆ ಮಕ್ಕಳಿರುವ ಮನೆಗೆ ಭಾರಿ ಗಾತ್ರದ ಕಾವಲು ತಳಿ ಬೇಡ ಎನ್ನುವುದು ಆ ಕಾರಣಕ್ಕೆ ಸರಿ. ಅದು ದೇಹಬಲದ ಲೆಕ್ಕ.

ಮೈಯ ಲೆಕ್ಕಕ್ಕೆ ಬಂದಾಗಲೇ ತಳಿ ನಿಜವಾಗಿ ಕೆಲಸಕ್ಕೆ ಬರುವುದು. ಮಕ್ಕಳ ನಾಯಿ ಎಂದೇ ಹೆಸರಾದ ಲ್ಯಾಬ್ರಡಾರನ್ನೇ ನೋಡಿ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಇಲ್ಲದಿರುವುದನ್ನು ಕಂಡುಹಿಡಿದರು. ಅಂಥ ನಾಯಿಗೆ ಊಟದ ಮೇಲಿನ ಆಸೆ ಹೆಚ್ಚು, ತೂಕವೂ ಹೆಚ್ಚು. ಈಗ ಕೈಯಲ್ಲಿ ಚಪಾತಿ ಹಿಡಿದು ಮನೆಯೆಲ್ಲ ಓಡಾಡುವ ಎರಡು ವರ್ಷದ ಮಗುವನ್ನೂ ಮೂವತ್ತು ಕಿಲೋದ, ಸದಾ ಹಸಿದ ಈ ನಾಯಿಯನ್ನೂ ಒಂದೇ ಹಜಾರದಲ್ಲಿ ನಿಲ್ಲಿಸಿ ನೋಡಬೇಕು. ನಾಯಿಯಲ್ಲಿ ಕೆಟ್ಟ ಉದ್ದೇಶ ಒಂದಿಷ್ಟೂ ಇಲ್ಲದೆ ಮಗು ನೆಲಕ್ಕೆ ಬೀಳುತ್ತದೆ. ವಯಸ್ಸಾದ ಮೇಲೆ ಸೊಂಟದ ಕೀಲು ಸವೆದು ನೋವು ತಿನ್ನುವುದೂ ಈ ತಳಿಯಲ್ಲಿ ಸಾಮಾನ್ಯ. ನೋವಿರುವ ನಾಯಿಯ ಮೇಲೆ ಸವಾರಿ ಮಾಡಲು ಮಗು ಹತ್ತಿದರೆ ಏನಾಗಬಹುದೆಂದು ರೈಸ್ನರ್ ವರದಿಯಿಂದಲೇ ಊಹಿಸಬಹುದು. ಪಗ್‌ನ ಕಥೆ ಬೇರೆ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಬರುತ್ತಿದ್ದ ಆ ನಾಯಿ 2003ರ ನಂತರ ದೇಶದ ಮನೆಮನೆ ಸೇರಿತು. ಮೂತಿ ಚಪ್ಪಟೆಯಾದ್ದರಿಂದ ಉಸಿರಾಟವೇ ಕಷ್ಟ; ನಾಯಿ ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕಾದ್ದರಿಂದ ಕಲಬುರಗಿ, ರಾಯಚೂರಿನ ಬೇಸಿಗೆ ಅದಕ್ಕೆ ಜೀವಕ್ಕೇ ಕುತ್ತು. ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಸಾಮಾನ್ಯ ನಾಯಿಯೆಂದು ಎಣಿಸಲಾಗದು ಎಂದು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಹೇಳಿದ್ದಾರೆ. ಹಸ್ಕಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದರ ರೋಮವೇ ಹೇಳುತ್ತದೆ. ಬೀಗಲ್ ಹಿಂಡಿನಲ್ಲಿ ಬೇಟೆಗೆ ಹೋಗಿ ಕೂಗುತ್ತ ವಾಸನೆ ಹಿಡಿಯಲು ಬೆಳೆಸಿದ ತಳಿ. ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ಬಿಟ್ಟರೆ ಅಕ್ಕಪಕ್ಕದವರು ದೂರು ತರುತ್ತಾರೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದದ್ದು, ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ಗಿಡ್ಡ ರೋಮದ ಗಟ್ಟಿ ನಾಯಿ. ಆದರೆ ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿ ಹಿಡಿಯುವ ಓಟಗಾರ ಅದು. ದಿನಕ್ಕೆರಡು ಸಲ ಓಡಲು ಬಯಲಿದ್ದರೆ ಸರಿ, ಇಲ್ಲದಿದ್ದರೆ ಅಭಿಮಾನಕ್ಕೆಂದು ತಂದು ಮೂರನೇ ಮಹಡಿಯಲ್ಲಿ ಕಟ್ಟಿಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ಗುಣ ರೂಪುಗೊಳ್ಳುವ ಕಾಲದ ಬಗ್ಗೆ ಅರವತ್ತು ವರ್ಷಗಳಿಂದ ತಿಳಿವಳಿಕೆ ಇದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಯಾರನ್ನು, ಏನನ್ನು ನೆಮ್ಮದಿಯಿಂದ ಕಾಣುತ್ತದೋ ಅದನ್ನೆಲ್ಲ ತನ್ನ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಅದೇ ಪ್ರಯೋಗಾಲಯದಲ್ಲಿ ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿದವು. ಹೀಗಾಗಿ ಪಂಜರದಲ್ಲಿ ಬೆಳೆದ, ಮಕ್ಕಳನ್ನೇ ಕಾಣದ ಗೋಲ್ಡನ್ ರಿಟ್ರೀವರ್ ಮರಿಗಿಂತ ಮಕ್ಕಳ ಗದ್ದಲದ ನಡುವೆ ಬೆಳೆದ ನಾಟಿ ಮರಿ ಮಕ್ಕಳ ಮನೆಗೆ ಲೇಸು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳೇ ಹೇಳುತ್ತವೆ; ತಾಯಿಯ ಜೊತೆ, ಒಡಹುಟ್ಟಿದವರ ಜೊತೆ ಆಡುವಾಗಲೇ ಮರಿ ಎಷ್ಟು ಮೆಲ್ಲಗೆ ಕಚ್ಚಬೇಕೆಂದು ಕಲಿಯುವುದು. ಹಾಗಾಗಿ ಮಾರುವವರನ್ನು ಸರ್ಟಿಫಿಕೇಟ್ ಕೇಳುವ ಮೊದಲು ತಾಯಿ ನಾಯಿಯನ್ನು ತೋರಿಸಿ ಎಂದು ಕೇಳಬೇಕು. ಅದು ಹೊಸಬರನ್ನು ಕಂಡು ಬಾಲ ಮುದುರಿ ಮೂಲೆ ಸೇರಿದರೆ, ಅಥವಾ ತೋರಿಸಲು ಅವರು ಒಪ್ಪದಿದ್ದರೆ, ಅಲ್ಲಿಂದ ಎದ್ದು ಬರುವುದೇ ಸರಿ. ಚುಚ್ಚುಮದ್ದು ಮುಗಿಯುವವರೆಗೆ ಮರಿಯನ್ನು ಹೊರಗೆ ಬಿಡಬೇಡಿ ಎಂಬ ಸಲಹೆಗೂ ಹನ್ನೆರಡನೇ ವಾರದೊಳಗೆ ಮರಿಗೆ ಲೋಕದ ಪರಿಚಯವಾಗಬೇಕು ಎಂಬುದಕ್ಕೂ ತಿಕ್ಕಾಟವಿದೆ ಅನ್ನಿಸಬಹುದು. ಮೊದಲ ಚುಚ್ಚುಮದ್ದಾಗಿ ವಾರ ಕಳೆದ ಮೇಲೆ ಮರಿಗೆ ಜನರ, ಸದ್ದುಗಳ ಪರಿಚಯ ಮಾಡಿಸಬಹುದೆಂದು ಅಮೆರಿಕದ ಪಶುವೈದ್ಯರ ನಡವಳಿಕೆ ವಿಜ್ಞಾನ ಸಂಘ ಹೇಳುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡು ಸುತ್ತಿಸಿದರೂ ಆಯಿತು.

ಉಳಿದದ್ದು ಬೀದಿನಾಯಿಯ ಮೇಲಿನ ಅನುಮಾನ: ಹಿಂದೆ ಏನು ಅನುಭವಿಸಿದೆಯೋ ಯಾರಿಗೆ ಗೊತ್ತು? ಬೀದಿಯಲ್ಲೇ ಬೆಳೆದು ಮನುಷ್ಯರಿಂದ ಏಟು ತಿಂದ ನಾಯಿಯನ್ನು ಎಳೆ ಮಕ್ಕಳ ಮನೆಗೆ ತರುವುದು ಜಾಣತನವಲ್ಲ. ಆದರೆ ಆಶ್ರಯಧಾಮದಲ್ಲಿ ಅಥವಾ ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದ ಎರಡು ಮೂರು ವರ್ಷದ ನಾಯಿಯ ವಿಷಯದಲ್ಲಿ ಊಹೆ ಬೇಕಿಲ್ಲ. ಅದರ ಗಾತ್ರ ಕಣ್ಣೆದುರಿಗಿದೆ. ಊಟದ ತಟ್ಟೆಯ ಹತ್ತಿರ ಹೋದರೆ ಏನು ಮಾಡುತ್ತದೆ, ಮಕ್ಕಳ ಕಿರುಚಾಟಕ್ಕೆ ಎದ್ದು ಹೋಗುತ್ತದೋ ಸೆಟೆದು ನಿಲ್ಲುತ್ತದೋ ಎಂಬುದನ್ನು ನೋಡಿದವರು ಇರುತ್ತಾರೆ. ಎಂಟು ವಾರದ ಮರಿಯ ಬಗ್ಗೆ, ಅದು ಎಷ್ಟೇ ದುಬಾರಿಯಾದರೂ, ಇಷ್ಟನ್ನು ಯಾರೂ ಹೇಳಲಾರರು. ಮರಿಯೂ ಮಗುವೂ ಒಟ್ಟಿಗೆ ಬೆಳೆಯಲಿ ಎಂಬ ಆಸೆ ಚೆಂದವೇ. ಆದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಮರಿ ಸಿಕ್ಕಿದ್ದನ್ನೆಲ್ಲ, ಓಡುವ ಕಾಲನ್ನೂ ಸೇರಿಸಿ, ಕಚ್ಚುತ್ತದೆ. ಸೂಜಿಯಂಥ ಆ ಹಲ್ಲಿಗೆ ಹೆದರಿ ಕಿರುಚುವ ಮಗು ಅದಕ್ಕೆ ಇನ್ನಷ್ಟು ಉಮೇದು ಕೊಡುತ್ತದೆ. ಮಗುವಿಗೆ ಐದಾರು ವರ್ಷ ಆಗುವವರೆಗೆ ಕಾಯಲು ಆಗದ ಮನೆಗೆ, ಗೊತ್ತಿರುವ ಸ್ವಭಾವದ, ಮಧ್ಯಮ ಗಾತ್ರದ, ರೇಬೀಸ್ ಲಸಿಕೆ ಆಗಿರುವ ಬೆಳೆದ ನಾಯಿಯೇ ಹೆಚ್ಚು ಸೂಕ್ತ. ಅದನ್ನು ಖಾಯಂ ಮಾಡಿಕೊಳ್ಳುವ ಮೊದಲು ಮಕ್ಕಳನ್ನೂ ಕರೆದುಕೊಂಡು ಎರಡು ಮೂರು ಸಲ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ, ಒಮ್ಮೆಯಾದರೂ ಅದು ಉಣ್ಣುವ ಹೊತ್ತಿನಲ್ಲಿ, ತುಸು ದೂರದಲ್ಲಿ ಕುಳಿತು ನೋಡಬೇಕು.