ಆಮೇಲೆ ಹಾಕಿಸೋಣ

ಚೀಟಿಯಲ್ಲಿ ಎಂಟು ಸಾಲಿದ್ದವು. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್, ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಾತ ಕ್ಯಾಲ್ಕುಲೇಟರನ್ನು ನಮ್ಮ ಕಡೆ ತಿರುಗಿಸಿದ. 57,000 ರೂಪಾಯಿ, ಬಿಲ್ ಸಮೇತ. ನಮ್ಮ ಹತ್ತಿರ ಇದ್ದದ್ದು 45,000. ನಾನು ಪೆನ್ನು ಇಸ್ಕೊಂಡು ಎಂಟನೇ ಸಾಲಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿದ್ದ ತಂಗಿಯ ಮಗನ ಮುಖ ಸಪ್ಪಗಾಯಿತು. ಮೂರು ವಾರದಿಂದ ಯೂಟ್ಯೂಬ್ ನೋಡಿ ನೋಡಿ ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮೆಷಿನ್ನಿನ ಜೀವಾಳವೇ ಆ ಸಾಲು.

“ಈಗ ಬೇಡ ಕಣೋ. ಆಮೇಲೆ ಹಾಕಿಸೋಣ,” ಅಂದೆ.

ಈ ಮಾತನ್ನು ಟೀವಿ ಕೊಳ್ಳುವಾಗ ಹೇಳಲು ಬರುವುದಿಲ್ಲ. ಮೊಬೈಲಿಗೆ ಅಂತೂ ಸಾಧ್ಯವೇ ಇಲ್ಲ. ನಮ್ಮ ಕಡೆ ಮನೆ ಕಟ್ಟಿಸಿದವರು ಮುಂದೆಂದಾದರೂ ಮಹಡಿ ಎಬ್ಬಿಸುವ ಆಸೆಗೆ ತಾರಸಿಯ ಮೇಲೆ ಕಂಬದ ಸರಳುಗಳನ್ನು ಹಾಗೇ ಚಾಚಿ ಬಿಟ್ಟಿರುತ್ತಾರಲ್ಲ, ಅಂಥ ಸರಳು ಅಸೆಂಬಲ್ಡ್ ಕಂಪ್ಯೂಟರಿಗೂ ಉಂಟು. ಅದನ್ನು ಬಿಟ್ಟವರು ಯಾರು ಎಂದು ಹುಡುಕುತ್ತಾ ಹೋದರೆ ಅಮೆರಿಕದ ಫ್ಲಾರಿಡಾದ ಬೋಕಾ ರೇಟನ್ ಎಂಬ ಊರು ಮುಟ್ಟುತ್ತೇವೆ.

ಐಬಿಎಂ ಆಗ ಬಹುತೇಕ ಎಲ್ಲವನ್ನೂ ತಾನೇ ತಯಾರಿಸಿ, ತಾನೇ ಮಾರಿ, ತಾನೇ ರಿಪೇರಿ ಮಾಡುವ ಕಂಪನಿ. 1980ರಲ್ಲಿ ಅದಕ್ಕೆ ಅವಸರ ಬಿತ್ತು. ಆಪಲ್‌ನಂಥವರು ಸಣ್ಣ ಕಂಪ್ಯೂಟರ್ ಮಾರಿ ದುಡ್ಡು ಮಾಡುತ್ತಿದ್ದರು. ಒಂದು ವರ್ಷದೊಳಗೆ ತನ್ನದೂ ಒಂದು ಬರಬೇಕು. ಬೋಕಾ ರೇಟನ್ನಿನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳತ್ವದ ತಂಡ ಆ ಗಡುವಿನಲ್ಲಿ ಚಿಪ್ಪಿನಿಂದ ಶುರುಮಾಡಿ ಎಲ್ಲವನ್ನೂ ಹೊಸದಾಗಿ ಮಾಡುತ್ತಾ ಕೂರುವಂತಿರಲಿಲ್ಲ. ಪೇಟೆಯಲ್ಲಿ ಸಿಗುವುದನ್ನು ತಂದರು. ಪ್ರೊಸೆಸರ್ ಇಂಟೆಲ್‌ನ 8088, ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನದು, ಪ್ರಿಂಟರ್ ಎಪ್ಸನ್‌ನದು. 1981ರ ಆಗಸ್ಟ್ 12ರಂದು ಹೊರಬಂದ ಆ ಮೆಷಿನ್ನಿನ ಕನಿಷ್ಠ ಬೆಲೆ 1,565 ಡಾಲರ್. ಅಷ್ಟಕ್ಕೆ ಸಿಗುತ್ತಿದ್ದದ್ದು 16 ಕಿಲೋಬೈಟ್ ಮೆಮೊರಿ. ಮಾನಿಟರ್ ಬೇರೆ, ಫ್ಲಾಪಿ ಬೇರೆ. ಒಳಗೆ ಮಾತ್ರ ಐದು ಸ್ಲಾಟ್. ಇಂದು ಇಷ್ಟು ಕೊಳ್ಳಿ, ಉಳಿದದ್ದನ್ನು ಆಮೇಲೆ ಹಾಕಿಸಿ ಎನ್ನುವುದು ಅದರ ಹುಟ್ಟಿನಲ್ಲೇ ಇತ್ತು.

ಆ ಸ್ಲಾಟುಗಳಿಗೆ ಹೊರಗಿನವರೂ ಕಾರ್ಡು ಮಾಡಲಿ ಎಂದು ಐಬಿಎಂ ಸರ್ಕ್ಯೂಟಿನ ನಕ್ಷೆಯನ್ನೂ, ಬಯೋಸ್ ಎಂಬ ಬುಡದ ಪ್ರೋಗ್ರಾಮಿನ ಪೂರ್ತಿ ಪಾಠವನ್ನೂ ಪುಸ್ತಕವಾಗಿ ಅಚ್ಚು ಹಾಕಿಸಿತು. ನಕಲು ಮಾಡಿದರೆ ಕಾಪಿರೈಟ್ ಇದೆಯಲ್ಲ ಎಂಬ ಧೈರ್ಯ. ಹ್ಯೂಸ್ಟನ್‌ನ ಕಾಂಪ್ಯಾಕ್ ಅದಕ್ಕೊಂದು ದಾರಿ ಕಂಡುಹಿಡಿಯಿತು. ಒಂದು ಗುಂಪು ಐಬಿಎಂ ಬಯೋಸನ್ನು ಓದಿ ಅದು ಏನೇನು ಕೆಲಸ ಮಾಡುತ್ತದೆ ಎಂದಷ್ಟೇ ಬರೆಯಿತು; ಆ ಪುಸ್ತಕವನ್ನು ಕಣ್ಣಿಂದಲೂ ನೋಡದ ಇನ್ನೊಂದು ಗುಂಪು ಅದೇ ಕೆಲಸ ಮಾಡುವ ಹೊಸ ಬಯೋಸ್ ಬರೆಯಿತು. ಕಾನೂನಿನ ಪ್ರಕಾರ ಇದು ಕಳ್ಳತನವಲ್ಲ. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ಬಗೆಯಲ್ಲಿ ಬರೆದ ಬಯೋಸನ್ನು ದುಡ್ಡು ಕೊಟ್ಟ ಯಾರಿಗಾದರೂ ಮಾರತೊಡಗಿದ ಮೇಲೆ ತೈವಾನಿನ ಬೋರ್ಡ್ ತಯಾರಕರಿಗೆ ಅಡ್ಡಿಯೇ ಉಳಿಯಲಿಲ್ಲ. ಎಸ್.ಪಿ. ರೋಡಿನ ಚೀಟಿಯಲ್ಲಿ ಒಂದೊಂದು ಸಾಲಿಗೂ ಒಂದೊಂದು ಕಂಪನಿಯ ಹೆಸರು ಬರುವುದು ಇದರಿಂದ.

ಆದರೂ ಜೋಡಿಸುವ ಕೆಲಸ ಬಹಳ ಕಾಲ ಎದೆ ಡವಗುಟ್ಟಿಸುವಂಥದ್ದೇ ಆಗಿತ್ತು. ಎಟಿ ಎಂಬ ಹಳೆಯ ಅಳತೆಯ ಬೋರ್ಡಿಗೆ ಕರೆಂಟು ಕೊಡುವ ಕನೆಕ್ಟರುಗಳು ಎರಡು, ನೋಡಲು ಹೆಚ್ಚುಕಡಿಮೆ ಒಂದೇ ಥರ. ಅದಲುಬದಲಾದರೆ ಬೋರ್ಡ್ ಸುಟ್ಟಿತೆಂದೇ ಲೆಕ್ಕ. ಕಪ್ಪು ವೈರುಗಳೆಲ್ಲ ನಡುವೆ ಒಟ್ಟಿಗೆ ಬರಬೇಕು ಎನ್ನುವುದನ್ನು ಆಗಿನ ಹುಡುಗರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಾಗ ಎರಡೂ ಸೇರಿ ಒಂದೇ ಕನೆಕ್ಟರ್ ಆಯಿತು, ಅದೂ ತಪ್ಪು ದಿಕ್ಕಿನಲ್ಲಿ ಕೂರದಂತೆ. ವಿಂಡೋಸ್ 95 ಮುಚ್ಚಿದಾಗ ‘ಇನ್ನು ಆಫ್ ಮಾಡಬಹುದು’ ಎಂದು ಕೇಸರಿ ಅಕ್ಷರದಲ್ಲಿ ಬರುತ್ತಿದ್ದ ಸೂಚನೆ ನೆನಪಿದ್ದವರಿಗೆ ಗೊತ್ತು, ಹಳೆಯ ಮೆಷಿನ್ನು ತಾನಾಗಿ ಆರುತ್ತಿರಲಿಲ್ಲ, ಕೈಯಿಂದಲೇ ಗುಂಡಿ ಒತ್ತಬೇಕಿತ್ತು. ಎಟಿಎಕ್ಸ್ ಬಂದು ಆ ಕೆಲಸವೂ ತಪ್ಪಿತು. ಕ್ಯಾಬಿನೆಟ್ಟಿನ ಸ್ಕ್ರೂ ತೂತುಗಳು ಇಂದಿಗೂ ಬಹುಮಟ್ಟಿಗೆ ಅದೇ ಲೆಕ್ಕದಲ್ಲಿವೆ.

ಕಡಿಮೆ ದುಡ್ಡಿನವರಿಗೆ ನಿಜವಾದ ಚಟ ಹತ್ತಿಸಿದ್ದು 1998ರ ಆಗಸ್ಟಿನಲ್ಲಿ ಬಂದ ಸೆಲೆರಾನ್ 300ಎ. ಇಂಟೆಲ್‌ನ ಬಡವರ ಚಿಪ್ಪು, 149 ಡಾಲರ್. ಬೋರ್ಡಿನ ಬಸ್ ವೇಗ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು ಓಡಿದರೆ ಹೆಚ್ಚುಕಡಿಮೆ 300. ಆ ನಾಲ್ಕೂವರೆಗೆ ಇಂಟೆಲ್ ಬೀಗ ಹಾಕಿತ್ತು. ಬಸ್ಸಿಗೆ ಬೀಗ ಹಾಕಿರಲಿಲ್ಲ. ಅಬಿಟ್ ಕಂಪನಿಯ ಬಿಎಚ್6ನಂಥ ಬೋರ್ಡಿನ ಮೆನುವಿಗೆ ಹೋಗಿ 66 ಇದ್ದದ್ದನ್ನು 100 ಮಾಡಿದರೆ ಅದೇ ಚಿಪ್ಪು 450ರಲ್ಲಿ ಓಡುತ್ತಿತ್ತು. ಆ ವೇಗದ ಪೆಂಟಿಯಂ 2 ಬೆಲೆ 669 ಡಾಲರ್! ಎಲ್ಲರ ಚಿಪ್ಪೂ ಅಷ್ಟು ಓಡಲಿಲ್ಲ, ಓಡಿದವರು ಊರಿಗೆಲ್ಲ ಹೇಳಿಕೊಂಡು ಬಂದರು. ಬೆಲೆಪಟ್ಟಿಯ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇರುವ ಅಂತರವೆಲ್ಲ ಸಿಲಿಕಾನಿನದಲ್ಲ, ಮಾರಾಟದವರು ಹಾಕಿದ ಬೇಲಿಯೂ ಅದರಲ್ಲಿದೆ ಎಂಬ ಗುಮಾನಿ ಅಂದಿನಿಂದ ಗಿರಾಕಿಯ ತಲೆಯಲ್ಲಿ ಕೂತಿದೆ.

ಆ ಗುಮಾನಿ ಪೂರಾ ಸುಳ್ಳೇನಲ್ಲ. 2007ರಲ್ಲಿ ಇಂಟೆಲ್‌ನ ಕ್ಯೂ6600 ನಾಲ್ಕು ಕೋರ್, ಅಂದರೆ ಬೇರೆಬೇರೆ ಕೆಲಸ ಒಟ್ಟಿಗೆ ಮಾಡುವ ನಾಲ್ಕು ಭಾಗ, ತಂದಿತು. ಹತ್ತು ವರ್ಷ ಬಿಟ್ಟು ನೋಡಿದರೂ ಮನೆಬಳಕೆಯ ಸಾಲಿನಲ್ಲಿ ಇಂಟೆಲ್‌ನ ಗರಿಷ್ಠ ನಾಲ್ಕೇ. 2017ರ ಮಾರ್ಚಿನಲ್ಲಿ ಅದರ ಎದುರಾಳಿ ಎಎಂಡಿ 499 ಡಾಲರಿಗೆ ಎಂಟು ಕೋರಿನ ರೈಜನ್ ಇಟ್ಟಿತು ನೋಡಿ, ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನ ಆರು ಕೋರ್ ಅಂಗಡಿಗೆ ಬಂತು. ಆಟದ ಜೊತೆಗೆ ಹತ್ತು ಕೆಲಸ ಮಾಡಿಸಬೇಕು ಎನ್ನುವವರಿಗೆ ಈ ಜಗಳದಿಂದಾದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ. ಹಳೆಯ ಆಟಗಳು ಒಂದೆರಡು ಕೋರನ್ನೇ ಹಿಂಡುತ್ತವೆ. ಇಂಜಿನಿಯರಿಂಗ್ ಹುಡುಗನೊಬ್ಬ ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆದು, ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್ ಎಬ್ಬಿಸಿ, ಮೇಲೊಂದು ಹಾಡು ಹಾಕಿದಾಗಲೇ ಕೋರುಗಳ ಲೆಕ್ಕ ಬೀಳುವುದು. ಮದುವೆ ಅಡಿಗೆಗೆ ಒಂದು ದೊಡ್ಡ ಒಲೆಗಿಂತ ಆರು ಒಲೆ ವಾಸಿ.

ಮತ್ತೆ ಅಂಗಡಿಗೆ ಬರೋಣ. ಎಂಟನೇ ಸಾಲು ಹೊಡೆದೆನಲ್ಲ, ಮೊದಲ ಸಾಲು ತಕ್ಷಣ ಕೆಟ್ಟಿತು. ಅಲ್ಲಿ ಬರೆದದ್ದು ಇಂಟೆಲ್ ಐ3 12100ಎಫ್. ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡಿಲ್ಲದೆ ಅದನ್ನು ಹಾಕಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪಗೇ ಇರುತ್ತದೆ. ಅದನ್ನು ತೆಗೆಸಿ ರೈಜನ್ 5 5600ಜಿ ಬರೆಸಿದೆ: ಆರು ಕೋರ್, ಜೊತೆಗೆ ಒಳಗೇ ಗ್ರಾಫಿಕ್ಸ್. ಸಾಕೆಟ್ ಬೇರೆಯಾದ್ದರಿಂದ ಎರಡನೇ ಸಾಲಿನ ಬೋರ್ಡೂ ಬದಲಾಯಿತು. ಮೂರನೇ ಸಾಲಿನಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇತ್ತು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಸಾಲ ತೆಗೆಯಬೇಕು. ಡಿಡಿಆರ್4 3200ರ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. 8 ಜಿಬಿಯ ಎರಡು ಕಡ್ಡಿಯನ್ನು ಸರಿಯಾದ ಸ್ಲಾಟುಗಳಲ್ಲಿ ಚುಚ್ಚಿದರೆ 51.2. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಆಟದಲ್ಲಿ ಇದೆ. ಅಂಗಡಿಯಾತ ಚೀಟಿ ಹರಿದು ಇನ್ನೊಂದು ಬರೆದ. “ಸಾರ್ ಎಲ್ಲಾ ಓದ್ಕೊಂಡ್ ಬಂದಿದಾರೆ,” ಎಂದ, ಮೆಚ್ಚಿಯೋ ಬೇಸತ್ತೋ ತಿಳಿಯಲಿಲ್ಲ.

ಎಸ್‌ಎಸ್‌ಡಿ ಬಗ್ಗೆ ಚರ್ಚೆ ನಡೆಯಲಿಲ್ಲ; ಅದರಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ಕಾಯಬೇಕು, ಮುಳ್ಳು ಸರಿಯುವ ಹೊತ್ತು ಬೇರೆ. ಒಂದೇ ಸಲ ನಾಲ್ಕು ಪ್ರೋಗ್ರಾಂ ಕೇಳಿದರೆ ಮೆಷಿನ್ನು ‘ಹ್ಯಾಂಗ್’ ಆಯಿತು ಎಂದು ನಾವು ಬೈಯುತ್ತಿದ್ದ ಎಷ್ಟೋ ಸಲ ಅದು ಹೀಗೆ ಹುಡುಕುತ್ತಾ ಕೂತಿರುತ್ತಿತ್ತು, ಅಷ್ಟೇ.

ನಾನು ಹಟ ಹಿಡಿದದ್ದು ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್‌ಗೆ. 2004ರಲ್ಲಿ ನಾನು ಕಟ್ಟಿಸಿದ ಮೊದಲ ಮೆಷಿನ್ನಿಗೆ ಅಂಗಡಿಯವರು ಕ್ಯಾಬಿನೆಟ್ ಜೊತೆಗೆ ಎಸ್‌ಎಂಪಿಎಸ್ ‘ಫ್ರೀ’ ಕೊಟ್ಟಿದ್ದರು. ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು. ಒಂದು ಸಂಜೆ ಕರೆಂಟು ಹೋಗಿ ಬಂದಾಗ ಪಟ್ಟೆಂದು ಸದ್ದಾಯಿತು, ಕರಕಲು ವಾಸನೆ ಬಂತು. ತಂಗಿಯ ಮದುವೆಯ ಫೋಟೋ ಇದ್ದ ಹಾರ್ಡ್ ಡಿಸ್ಕೂ ಜೊತೆಗೇ ಹೋಯಿತು. ಬಿಚ್ಚಿ ನೋಡಿದರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಪಟ್ಟಿ: 12 ವೋಲ್ಟಿಗೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚಾಗಿ ಉಣ್ಣುವುದು ಈ 12 ವೋಲ್ಟಿನ ತಂತಿಯಿಂದಲೇ. ಅಂದಿನಿಂದ ನಾನು ಹೊರಗಿನ ಅಂಕಿ ಓದುವುದಿಲ್ಲ. ಡಬ್ಬ ತಿರುಗಿಸಿ ಒಳಪಟ್ಟಿ ನೋಡುತ್ತೇನೆ, ಕೈಯಲ್ಲಿ ತೂಗಿಯೂ ನೋಡುತ್ತೇನೆ. ಈ ಸಲ ಆರಿಸಿದ್ದು ಸುಮಾರು ಮೂರೂವರೆ ಸಾವಿರದ್ದು, ಬರಲಿರುವ ಕಾರ್ಡಿಗೂ ಸೇರಿಸಿ. ಮೊದಲು ಚೀಟಿಯಲ್ಲಿದ್ದ ಆರ್‌ಎಕ್ಸ್ 6600 ಕಾರ್ಡು 132 ವ್ಯಾಟಿನದು, ಅದನ್ನು ಇದು ನಿರಾಳವಾಗಿ ಹೊರುತ್ತದೆ.

ಎರಡನೇ ಚೀಟಿ 41,500ಕ್ಕೆ ನಿಂತಿತು. “ಮಾವ, ಮೈನಿಂಗ್ ಮಾಡಿದ ಕಾರ್ಡು ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತಂತೆ,” ಎಂದು ಹುಡುಗ ಕೊನೆಯ ಬಾಣ ಬಿಟ್ಟ. ಮಾತು ಸುಳ್ಳಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಜಾಲ ತನ್ನ ಪದ್ಧತಿ ಬದಲಿಸಿದ ಮೇಲೆ ಹಗಲೂ ರಾತ್ರಿ ನಾಣ್ಯ ಅಗೆಯುತ್ತಿದ್ದ ಕಾರ್ಡುಗಳು ರಾಶಿರಾಶಿ ಪೇಟೆಗೆ ಬಂದವು. ಗದ್ದೆಯಲ್ಲಿ ಸವೆದ ಎತ್ತನ್ನು ಸಂತೆಯಲ್ಲಿ ಕೊಳ್ಳುವಾಗ ಹಲ್ಲು ನೋಡಬೇಕು. ನನಗೆ ಕಾರ್ಡಿನ ಹಲ್ಲು ನೋಡಲು ಬಾರದು. ಬೇಡವೆಂದೆ.

ತುಮಕೂರಿನ ಮನೆಯಲ್ಲಿ ಅಂದು ರಾತ್ರಿಯೇ ಜೋಡಿಸಿದೆವು. ಹಿತ್ತಾಳೆಯ ಗುಬುಟುಗಳನ್ನು ತಿರುಗಿಸಿ ಬೋರ್ಡ್ ಕೂರಿಸಿದ್ದಾಯಿತು. ಪವರ್ ಗುಂಡಿಯ ಕೂದಲೆಳೆಯಂಥ ಪಿನ್ನುಗಳಿಗೆ ವೈರು ಸಿಕ್ಕಿಸಲು ಮೊಬೈಲ್ ಟಾರ್ಚ್ ಹಿಡಿದು ಅರ್ಧ ಗಂಟೆ ಬೇಕಾಯಿತು. ಹನ್ನೊಂದೂವರೆಗೆ ಪರದೆ ಬೆಳಗಿತು. ವ್ಯಾಲೊರೆಂಟ್ ಆಟ ಕಡಿಮೆ ಸೆಟ್ಟಿಂಗಿನಲ್ಲಿ 60 ಫ್ರೇಮು ದಾಟಿತು, ಹುಡುಗ ನನ್ನನ್ನು ಕ್ಷಮಿಸಿದ.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವನೊಂದು ಕೆಲಸ ಮಾಡಿಬಿಟ್ಟಿದ್ದ. ಕಾರ್ಡಿಗೆ ಜಾಗ ಮಾಡುತ್ತೇನೆಂದು ಕ್ಯಾಬಿನೆಟ್ಟಿನ ಹಿಂಭಾಗದ ಎರಡು ತಗಡಿನ ಪಟ್ಟಿಗಳನ್ನು ಆಗಲೇ ತಿರುಚಿ ಮುರಿದಿದ್ದ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಅವು ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ಎರಡು ವರ್ಷವಾಗುತ್ತಾ ಬಂತು, ಕಾರ್ಡಿನ್ನೂ ಬಂದಿಲ್ಲ. ಆ ಕಿಂಡಿಗೆ ನನ್ನ ತಂಗಿ, ಹಲ್ಲಿ ಒಳಗೆ ಹೋಗದಿರಲಿ ಎಂದು, ಯಾರದೋ ಮದುವೆ ಕಾಗದವನ್ನು ಮಡಚಿ ತುರುಕಿದ್ದಾಳೆ.