ಒಬ್ಬ ವರ್ತಕನ ಹೆಸರಿನ ಪಾರಿತೋಷಕ

2015ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ವಿಸ್ಲಿಂಗ್ ಸ್ಟ್ರೇಟ್ಸ್ ಮೈದಾನದಲ್ಲಿ ನಡೆದ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ, ಬೆಂಗಳೂರಿನಲ್ಲಿ ಪಳಗಿದ ಆಟಗಾರ ಅನಿರ್ಬನ್ ಲಾಹಿರಿ ಜಂಟಿ 5ನೇ ಸ್ಥಾನ ಗಳಿಸಿದರು. ಪುರುಷರ ಗಾಲ್ಫ್‌ನ ನಾಲ್ಕು ಮಹಾಸ್ಪರ್ಧೆಗಳಲ್ಲಿ ಭಾರತೀಯರೊಬ್ಬರು ಅಲ್ಲಿಯವರೆಗೆ ತಲುಪಿದ ಅತ್ಯುನ್ನತ ಸ್ಥಾನ ಅದಾಗಿತ್ತು.

ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ಆದರೂ ಹಾಸನದ ಆಲೂಗಡ್ಡೆ ವರ್ತಕರಿಗಾಗಲೀ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜಿಗೆ ಹೋಗಿಬರುವವರಿಗಾಗಲೀ, ಚನ್ನರಾಯಪಟ್ಟಣದ ತೆಂಗಿನ ವ್ಯಾಪಾರಿಗಳಿಗಾಗಲೀ, ಹೊಳೆನರಸೀಪುರದ ಅಂಗಡಿಕಾರರಿಗಾಗಲೀ ಈ ಆಟ ದೂರದ್ದೇ. ಆದರೆ ಈ ಸ್ಪರ್ಧೆಯ ಹುಟ್ಟಿನ ಕಥೆ ದೂರದ್ದಲ್ಲ. ಅದು ಆರಂಭವಾದುದು ಒಬ್ಬ ವರ್ತಕನ ಊಟದ ಮೇಜಿನಲ್ಲಿ.

ಸಂಘಟನೆಯ ಹುಟ್ಟು

ಜಾನ್ ವಾನಮೇಕರ್ ಎಂಬಾತ ಫಿಲಡೆಲ್ಫಿಯಾ ನಗರದ ಹೆಸರಾಂತ ವರ್ತಕ. ಚೌಕಾಶಿಯೇ ರೂಢಿಯಲ್ಲಿದ್ದ ಕಾಲದಲ್ಲಿ ಎಲ್ಲ ಗ್ರಾಹಕರಿಗೂ ಒಂದೇ ದರ, ಮೆಚ್ಚದಿದ್ದರೆ ಹಣ ವಾಪಸು ಎಂಬ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಆತ ಪ್ರಮುಖ. ಆತನ ಪುತ್ರ ರಾಡ್‌ಮನ್ ವಾನಮೇಕರ್ 1916ರ ಜನವರಿ 17ರಂದು ನ್ಯೂಯಾರ್ಕ್‌ನಲ್ಲಿ ಗಾಲ್ಫ್ ವೃತ್ತಿಪರರನ್ನೂ ಪ್ರಮುಖ ಆಟಗಾರರನ್ನೂ ಭೋಜನಕ್ಕೆ ಆಹ್ವಾನಿಸಿದನು.

ಅಂದಿನ ಗಾಲ್ಫ್ ವೃತ್ತಿಪರನ ಸ್ಥಿತಿ ಸಾಧಾರಣವಾದುದು. ಕ್ಲಬ್ಬಿನ ಆವರಣದ ಸಣ್ಣ ಅಂಗಡಿಯಲ್ಲಿ ಕೋಲು, ಚೆಂಡುಗಳನ್ನು ಮಾರುವುದು, ಮುರಿದುದನ್ನು ದುರಸ್ತಿ ಮಾಡುವುದು, ಸದಸ್ಯರಿಗೆ ಆಟ ಕಲಿಸುವುದು ಅವನ ಕಸುಬು. ಅನೇಕ ಕ್ಲಬ್ಬುಗಳಲ್ಲಿ ಸದಸ್ಯರ ಕಟ್ಟಡದೊಳಗೆ ಅವನಿಗೆ ಪ್ರವೇಶವೇ ಇರಲಿಲ್ಲ. ಇಂತಹವರು ಒಂದುಗೂಡಿದರೆ ಅವರ ಮಾನವೂ ಹೆಚ್ಚುವುದು, ಗಾಲ್ಫ್ ಸಾಮಗ್ರಿಗಳ ಮಾರಾಟವೂ ಹೆಚ್ಚುವುದು ಎಂಬುದು ವರ್ತಕನ ಲೆಕ್ಕಾಚಾರ. ಅದೇ ವರ್ಷದ ಏಪ್ರಿಲ್ 10ರಂದು ಪಿಜಿಎ ಆಫ್ ಅಮೆರಿಕ ಎಂಬ ಸಂಘ ಸ್ಥಾಪನೆಗೊಂಡಿತು. ಅಕ್ಟೋಬರ್‌ನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಜಿಮ್ ಬಾರ್ನ್ಸ್ ಗೆದ್ದು 500 ಡಾಲರ್ ಬಹುಮಾನ ಪಡೆದನು. ಇಂದಿಗೂ ವಿಜೇತರು ಎತ್ತಿಹಿಡಿಯುವ ಪಾರಿತೋಷಕಕ್ಕೆ ವಾನಮೇಕರ್‌ನದೇ ಹೆಸರು.

ಅದೇ 1916ರಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತೆಂಬುದನ್ನು ವಾಚಕರು ಗಮನಿಸಬಹುದು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ ಅದೇ.

ಸ್ಪರ್ಧೆಯ ಸ್ವರೂಪ

ಆರಂಭದ ನಾಲ್ಕು ದಶಕಗಳ ಕಾಲ ಇದು ‘ಮ್ಯಾಚ್ ಪ್ಲೇ’ ಪದ್ಧತಿಯಲ್ಲಿ ನಡೆಯಿತು. ಇಬ್ಬರು ಎದುರುಬದುರು ಆಡಿ, ಹೆಚ್ಚು ಕುಳಿಗಳನ್ನು ಗೆದ್ದವನು ಮುಂದಿನ ಸುತ್ತಿಗೆ ಹೋಗುವ ಕ್ರಮವಿದು. ವಾಲ್ಟರ್ ಹೇಗನ್ 1924ರಿಂದ 1927ರವರೆಗೆ ಸತತ ನಾಲ್ಕು ಬಾರಿ ಗೆದ್ದುದು ಈ ಪದ್ಧತಿಯಲ್ಲಿಯೇ. ಆದರೆ ಒಂದು ಕೆಟ್ಟ ದಿನ ಸಾಕು, ಹೆಸರಾಂತ ಆಟಗಾರ ಮನೆಗೆ ಹೋಗುತ್ತಿದ್ದನು. ಅಂತಿಮ ದಿನ ಕಣದಲ್ಲಿ ಇಬ್ಬರೇ ಉಳಿಯುವ ಸ್ಪರ್ಧೆ ದೂರದರ್ಶನಕ್ಕೆ ಒಗ್ಗಲಿಲ್ಲ. 1957ರಲ್ಲಿ ಸ್ಪರ್ಧೆ ನಷ್ಟ ಅನುಭವಿಸಿತು. 1958ರಿಂದ ‘ಸ್ಟ್ರೋಕ್ ಪ್ಲೇ’ ಪದ್ಧತಿ ಜಾರಿಗೆ ಬಂದಿತು.

ಈ ಹೊಸ ಪದ್ಧತಿ ವರ್ತಕನ ಖಾತೆ ಪುಸ್ತಕದಂತೆ. ದಿನಕ್ಕೆ 18 ಕುಳಿಗಳಂತೆ ನಾಲ್ಕು ದಿನ 72 ಕುಳಿಗಳ ಆಟ. ಒಟ್ಟು ಹೊಡೆತಗಳು ಯಾರದು ಕನಿಷ್ಠವೋ ಅವರೇ ವಿಜೇತರು. ಒಂದು ದಿನದ ನಷ್ಟವನ್ನು ಮರುದಿನ ತುಂಬಿಕೊಳ್ಳಲು ಅವಕಾಶವುಂಟು. 156 ಮಂದಿ ಕಣಕ್ಕಿಳಿಯುತ್ತಾರೆ. ಎರಡು ದಿನಗಳ ನಂತರ ಮೊದಲ 70 ಸ್ಥಾನಗಳವರು ಹಾಗೂ 70ನೇ ಸ್ಥಾನದಲ್ಲಿ ಸರಿಸಮನಾದವರು ಮಾತ್ರ ಉಳಿಯುತ್ತಾರೆ. ಅಂತ್ಯದಲ್ಲಿ ಸಮಬಲವಾದರೆ ಮೂರು ಕುಳಿಗಳ ಹೆಚ್ಚುವರಿ ಆಟ ನಡೆಯುತ್ತದೆ. 2019ರಿಂದ ಸ್ಪರ್ಧೆ ಆಗಸ್ಟ್ ಬದಲು ಮೇ ತಿಂಗಳಿನಲ್ಲಿ ಜರುಗುತ್ತಿದೆ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಈ ಸಂಘದ ಇತಿಹಾಸದಲ್ಲಿ ಕಳಂಕವೂ ಇದೆ. ಸ್ವತಃ ಬಾಗಿಲ ಹೊರಗೆ ನಿಂತಿದ್ದವರು ಕಟ್ಟಿದ ಈ ಸಂಸ್ಥೆಯೇ 1934ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು ಬರೆದುಕೊಂಡಿತು. ಚಾರ್ಲಿ ಸಿಫರ್ಡ್‌ನಂತಹ ಸಮರ್ಥ ಕಪ್ಪು ಆಟಗಾರರು ತಮ್ಮ ಪ್ರಾಯದ ವರ್ಷಗಳನ್ನು ಹೊರಗೇ ಕಳೆಯಬೇಕಾಯಿತು. ಕ್ಯಾಲಿಫೋರ್ನಿಯಾ ಸರ್ಕಾರದ ಒತ್ತಡದ ನಂತರ 1961ರಲ್ಲಿ ಆ ನಿಯಮ ರದ್ದಾಯಿತು. ಅನಂತರದ ವರ್ಷಗಳಲ್ಲಿ ಭಾರತೀಯ ಮೂಲದ ಫಿಜಿ ಆಟಗಾರ ವಿಜಯ್ ಸಿಂಗ್ 1998 ಹಾಗೂ 2004ರಲ್ಲಿ ಇದೇ ಪಾರಿತೋಷಕವನ್ನು ಗೆದ್ದರು.

ಮತ್ತೊಂದೆಡೆ, ಈ ಸ್ಪರ್ಧೆ ತನ್ನ ಮೂಲವನ್ನು ಮರೆತಿಲ್ಲ. 156 ಸ್ಥಾನಗಳಲ್ಲಿ 20 ಸ್ಥಾನಗಳು ಇಂದಿಗೂ ಕ್ಲಬ್ಬುಗಳಲ್ಲಿ ಆಟ ಕಲಿಸಿ, ಅಂಗಡಿ ನೋಡಿಕೊಳ್ಳುವ ವೃತ್ತಿಪರರಿಗೆ ಮೀಸಲು. ಅವರು ತಮ್ಮದೇ ಅರ್ಹತಾ ಸ್ಪರ್ಧೆಯಲ್ಲಿ ಸೆಣಸಿ ಬರಬೇಕು. 2023ರಲ್ಲಿ ಹೀಗೆ ಬಂದ ಕ್ಯಾಲಿಫೋರ್ನಿಯಾದ ಬೋಧಕ ಮೈಕೆಲ್ ಬ್ಲಾಕ್, ಕೊನೆಯ ದಿನ ಒಂದೇ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿ, ಜಂಟಿ 15ನೇ ಸ್ಥಾನ ಪಡೆದು ಮರುವರ್ಷದ ಪ್ರವೇಶವನ್ನೂ ಗಳಿಸಿದರು.

ವರ್ತಕರ ಸಂಘಗಳು ಗಮನಿಸಬೇಕಾದ ಅಂಶ ಇಲ್ಲಿದೆ. ದೊಡ್ಡ ಸದಸ್ಯರಿಂದ ಸಂಸ್ಥೆಗೆ ಹೆಸರು ಬರುತ್ತದೆ ನಿಜ. ಆದರೆ ತಾಲ್ಲೂಕು ಕೇಂದ್ರದ ಚಿಕ್ಕ ಅಂಗಡಿಯವನಿಗೂ, ಎರಡು ಯಂತ್ರಗಳ ಕಾರ್ಖಾನೆಯವನಿಗೂ ಅರ್ಹತೆಯ ಮೇಲೆ ಮುಂದಿನ ಸಾಲಿಗೆ ಬರುವ ದಾರಿ ನಿಯಮದಲ್ಲಿಯೇ ಇದ್ದರೆ ಮಾತ್ರ ಅವನು ಆ ಸಂಸ್ಥೆಯನ್ನು ತನ್ನದೆಂದು ತಿಳಿಯುತ್ತಾನೆ. ಮುಂದಿನ ವಾರ್ಷಿಕ ಮಹಾಸಭೆಗೆ ಬರುವ ಮುನ್ನ ಸದಸ್ಯ ಬಂಧುಗಳು ಈ ಬಗ್ಗೆ ಆಲೋಚಿಸುವುದು ಒಳಿತು.